ಪಿನ್ನಕ್ಕನ ‘ಹಾಂ’

ಅವಳಿಗೆ ಪಿನ್ನಕ್ಕ ಎಂಬ ಹೆಸರು ಬಂದದ್ದು ತುಟಿಯಿಂದ. ಗಿರಾಕಿಗೆ ಕೋಟು ತೊಡಿಸಿ ಟ್ರಯಲ್ ನೋಡುವಾಗ ಹಿಡಿಯಷ್ಟು ಗುಂಡುಪಿನ್ನುಗಳನ್ನು ಬಾಯಿಯ ಬಲಮೂಲೆಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ತಲೆಗಳು ಹೊರಗೆ, ಮೊನೆಗಳು ಒಳಗೆ. ಒಂದೊಂದನ್ನೇ ಎಳೆದು ಬಟ್ಟೆಗೆ ಚುಚ್ಚುತ್ತಾ, ಎಡಮೂಲೆಯಿಂದ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಪಿನ್ನು ಬೀಳುತ್ತಿರಲಿಲ್ಲ, ಸುದ್ದಿಯೂ ನಿಲ್ಲುತ್ತಿರಲಿಲ್ಲ. ಮೊದಲ ಸಲ ಬಂದವರು ಇವಳೆಲ್ಲಿ ನುಂಗಿಬಿಡುತ್ತಾಳೋ ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅದರಿಂದ ಅವಳಿಗೆ ಲಾಭವೇ ಆಗುತ್ತಿತ್ತು, ಅಳತೆ ಸರಿಯಾಗಿ ಸಿಗುತ್ತಿತ್ತು.

ಕೆಲಸ ಕಲಿಸಿದವನು ಅಪ್ಪ. ಪಿನ್ನು ಎಷ್ಟು ಉಳಿದಿದೆ ಎಂದು ಕಣ್ಣಿನಿಂದ ನೋಡಬಾರದು, ತುಟಿಗೆ ಗೊತ್ತಾಗಬೇಕು, ಕಣ್ಣು ಬಟ್ಟೆಯ ಮೇಲೇ ಇರಬೇಕು ಎಂದು ಅವನು ಅವಳನ್ನು ಚಿಕ್ಕವಳಿದ್ದಾಗಲೇ ತಿದ್ದಿದ್ದ. ಹೊಸ ಕೋಟು ಹೊಲಿಯುವವರು ಬೀದಿಗೊಬ್ಬರು ಸಿಗುತ್ತಾರೆ. ಹಳೆಯ ಕೋಟನ್ನು ಬಿಚ್ಚಿ, ಇನ್ನೊಬ್ಬರ ಮೈಗೆ ಅದು ಅವರಿಗೆಂದೇ ಹುಟ್ಟಿದ್ದು ಅನ್ನುವ ಹಾಗೆ ಕೂರಿಸುವವರು ಅಪ್ಪನ ನಂತರ ಆ ಕಡೆಯಲ್ಲೆಲ್ಲ ಇವಳೊಬ್ಬಳೇ. ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ: ಎರಡು ಮೆಷಿನ್ನು, ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ಒಂದು ಪರದೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಅವಳ ಅತ್ತೆ ಕೂತು ಗುಂಡಿ ಹಚ್ಚುತ್ತಾರೆ. ಅತ್ತೆಯ ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಇದ್ದ ಹಲ್ಲುಗಳ ಹರಿತವೆಲ್ಲ ನಾಲಿಗೆಗೆ ಇಳಿದಿದೆ. ಪಿನ್ನಕ್ಕನ ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆ ಕಾಣದವನಾದ್ದರಿಂದ, ಈ ಇಬ್ಬರು ಹೆಂಗಸರೇ ಆ ಅಂಗಡಿಯ ಆಡಳಿತ ಮಂಡಳಿ.

ಪಿನ್ನಕ್ಕನದು ಒಂದು ಹಟ ಇತ್ತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಸೀಮೆಸುಣ್ಣದಂಥ ಚಾಕಿನಿಂದ ಗೆರೆ ಎಳೆಯುತ್ತಿದ್ದಳು. ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, “ಇಲ್ಲಿಂದ ಇಲ್ಲಿಗೆ ಹೋಗುತ್ತೆ, ಆಮೇಲೆ ವಾಪಸ್ ಬರಲ್ಲ, ಕತ್ತರಿಸಲಾ?” ಎಂದು ಕೇಳುತ್ತಿದ್ದಳು. ಗಿರಾಕಿ ಬಾಯಿಬಿಟ್ಟು “ಕತ್ತರಿಸಿ” ಅನ್ನಬೇಕು. ತಲೆ ಅಲ್ಲಾಡಿಸಿದರೆ ಸಾಲದು. “ನಿಮ್ಮಿಷ್ಟ” ಅಂದರೂ ಸಾಲದು. “ನನ್ನಿಷ್ಟ ಏನಿದೆ ಸಾರ್ ಇದರಲ್ಲಿ, ಕೋಟು ಹಾಕ್ಕೊಳ್ಳೋರು ನೀವು” ಎಂದು ಕತ್ತರಿ ಕೆಳಗಿಟ್ಟುಬಿಡುತ್ತಿದ್ದಳು. ಕೆಲವರಿಗೆ ಇದು ತಲೆನೋವು ಅನಿಸುತ್ತಿತ್ತು, ಆದರೂ ಬರುತ್ತಿದ್ದರು.

ಇಂಥವಳು ಒಂದು ದಿನ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಬಲಗಡೆ ಕೆಳಗಿನ ದವಡೆ ಹಲ್ಲೊಂದು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು, ಅಷ್ಟೆ. ಗಾಜಿನ ಬಾಗಿಲು, ಒಳಗೆ ಮೀನಿನ ತೊಟ್ಟಿ, ಗೋಡೆಯ ಮೇಲೆ ನಗುವ ಮುಖಗಳ ದೊಡ್ಡ ದೊಡ್ಡ ಚಿತ್ರ. ಡಾಕ್ಟರು ತುಂಬಾ ಮೃದು ಮಾತಿನವರು. ಇಡೀ ದವಡೆಯ ದೊಡ್ಡ ಎಕ್ಸ್-ರೇ ತೆಗೆಸಿ ನೋಡಿದರು.

“ಸಣ್ಣ ಹುಳುಕು ಅಮ್ಮಾ. ತುಂಬಿಸಿಬಿಡೋಣ. ಏನೂ ಗೊತ್ತಾಗಲ್ಲ.”

“ಆಯ್ತು ಡಾಕ್ಟ್ರೇ, ತುಂಬಿಸಿ,” ಎಂದಳು ಪಿನ್ನಕ್ಕ. ಬಾಯಿಬಿಟ್ಟು, ಸ್ಪಷ್ಟವಾಗಿ ಹೇಳಿದಳು. ಇಷ್ಟಕ್ಕೆ ಅವಳ ತಕರಾರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಂಜೆಕ್ಷನ್ ಕೊಟ್ಟರು. ತುಟಿ ದಪ್ಪಗಾಯಿತು, ಗಲ್ಲ ಮರಗಟ್ಟಿತು. ಹುಳುಕು ಕೊರೆದು ತುಂಬಿಸಿದ್ದೂ ಆಯಿತು. ಆಗ ಡಾಕ್ಟರು ಗೋಡೆಯ ಬೆಳಕಿನ ಹಲಗೆಗೆ ಸಿಕ್ಕಿಸಿದ್ದ ಎಕ್ಸ್-ರೇ ಕಡೆಗೆ ಇನ್ನೊಂದು ಸಲ ತಿರುಗಿ, ಅದರ ಜೊತೆಗೇ ಮಾತಾಡುವವರಂತೆ ಹೇಳಿದರು: “ಹಿಂದುಗಡೆ ಬುದ್ಧಿಹಲ್ಲು ಅಡ್ಡ ಮಲಗಿದೆ. ಇವತ್ತಲ್ಲ ನಾಳೆ ಮುಂದಕ್ಕೆ ತಳ್ಳಿ ಎಲ್ಲಾ ಹಲ್ಲೂ ಸೊಟ್ಟ ಮಾಡುತ್ತೆ. ಹೇಗೂ ಮರಗಟ್ಟಿದೆಯಲ್ಲ, ಅದನ್ನೂ ತೆಗೆದುಬಿಡೋಣ?”

ಪಿನ್ನಕ್ಕ, “ಹಾಂ?” ಎಂದಳು.

ಇಲ್ಲಿ ಓದುವವರು ದಯವಿಟ್ಟು ಒಂದು ಕೆಲಸ ಮಾಡಬೇಕು. ಬಾಯನ್ನು ಆದಷ್ಟು ಅಗಲ ತೆರೆಯಿರಿ. ನಾಲಿಗೆಯನ್ನು ಯಾರೋ ಚಮಚದಿಂದ ಪಕ್ಕಕ್ಕೆ ಒತ್ತಿ ಹಿಡಿದಿದ್ದಾರೆ ಅಂದುಕೊಳ್ಳಿ. ಈಗ ‘ಬೇಡ’ ಅನ್ನಿ ನೋಡೋಣ. ಎರಡು ತುಟಿ ಸೇರದೆ ‘ಬೇ’ ಹೊರಡುವುದಿಲ್ಲ. ‘ಇಲ್ಲ’ ಅನ್ನಿ. ನಾಲಿಗೆ ಮೇಲೆ ತಾಗದೆ ‘ಲ್ಲ’ ಬರುವುದಿಲ್ಲ. ‘ಯಾಕೆ’, ‘ಏನು’, ‘ತಡೀರಿ’, ಒಂದೂ ಬರುವುದಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ ಮನುಷ್ಯನಿಗೆ ನಮ್ಮ ಇಡೀ ಭಾಷೆಯಲ್ಲಿ ಉಳಿಯುವುದು ಒಂದೇ ಪದ, ಅದು ‘ಹಾಂ’. ದನಿ ಮೇಲಕ್ಕೆ ಹೋದರೆ ಅದು ‘ಏನಂದ್ರಿ?’ ಎಂಬ ಪ್ರಶ್ನೆ, ಕೆಳಕ್ಕೆ ಇಳಿದರೆ ‘ಹೌದು’ ಎಂಬ ಒಪ್ಪಿಗೆ. ಮರಗಟ್ಟಿದ ಬಾಯಲ್ಲಿ ದನಿ ಎಲ್ಲಿಗೆ ಹೋಯಿತೋ ಯಾರು ಬಲ್ಲರು. ಡಾಕ್ಟರು ತಮಗೆ ಬೇಕಾದ ಹಾಂ ಕೇಳಿಸಿಕೊಂಡರು.

ಮುಂದೆ ನಡೆದದ್ದು ಒಸಡು ಕೊಯ್ದು, ಮೂಳೆ ಕೊರೆದು, ಹಲ್ಲನ್ನು ಒಡೆದು ತುಂಡುತುಂಡಾಗಿ ಎತ್ತುವ ಕೆಲಸ. ಪಿನ್ನಕ್ಕ ಕುರ್ಚಿಯ ಕೈಯನ್ನು ಬಡಿದಳು. “ಆಯ್ತು ಆಯ್ತು, ಇನ್ನು ಸ್ವಲ್ಪ, ಧೈರ್ಯ ಇರಲಿ,” ಎಂದರು ಡಾಕ್ಟರು. ಆ ಗಳಿಗೆಯಿಂದ ಪಿನ್ನಕ್ಕನ ಮನಸ್ಸಿನಲ್ಲಿ ಅವರಿಗೆ ಬಹುವಚನ ನಿಂತುಹೋಯಿತು. ಈ ಕಥೆಯಲ್ಲೂ ನಿಲ್ಲಲಿ.

ಸಂಜೆಗೆ ಮರಗಟ್ಟಿದ್ದು ಬಿಡುತ್ತದೆ ಅಂದಿದ್ದ. ಸಂಜೆ ಆಯಿತು, ಬೆಳಗೂ ಆಯಿತು. ಊತ ಇಳಿಯಿತು, ಹೊಲಿಗೆ ಬಿಚ್ಚಿದರು, ಗಾಯ ಮಾಯಿತು. ಕೆಳದುಟಿಯ ಬಲ ಅರ್ಧ ಮತ್ತು ಅದರ ಕೆಳಗಿನ ಗಲ್ಲ ಮಾತ್ರ ವಾಪಸ್ ಬರಲೇ ಇಲ್ಲ. ಮುಟ್ಟಿದರೆ ಇನ್ಯಾರದೋ ತುಟಿಯನ್ನು ಮುಟ್ಟಿದ ಹಾಗೆ. ದವಾಖಾನೆಗೆ ಹೋದರೆ ಒಬ್ಬ ಸಹಾಯಕ ವಿಟಮಿನ್ ಗುಳಿಗೆ ಬರೆದುಕೊಟ್ಟು, “ಆರು ತಿಂಗಳು ನೋಡೋಣ,” ಎಂದ. ಆರು ತಿಂಗಳಾದ ಮೇಲೆ, “ವರ್ಷ ನೋಡೋಣ,” ಎಂದ. ಹಲ್ಲು ಕಿತ್ತ ದೊಡ್ಡ ಡಾಕ್ಟರು ಒಂದೇ ಒಂದು ಸಲ ಒಳಗಿನಿಂದ ಬಂದು, ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, “ನಿಮ್ಮ ನರ ಇರೋ ಜಾಗವೇ ಸರಿ ಇಲ್ಲಮ್ಮ,” ಎಂದು ಹೋದ. ಅವನು ನೋಡಿದ್ದು ಎಕ್ಸ್-ರೇಯನ್ನು. ಅವಳ ಮುಖದ ಕಡೆ ತಿರುಗಲಿಲ್ಲ.

ಸತ್ತ ಅರ್ಧ ತುಟಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಚಹಾ ಕುಡಿದರೆ ಗಲ್ಲದ ಮೇಲೆ ಇಳಿಯುತ್ತದೆ, ಗೊತ್ತಾಗುವುದಿಲ್ಲ. ಊಟಕ್ಕೆ ಕೂತಾಗ ಗಂಡ ಏನೂ ಮಾತಾಡದೆ ತನ್ನದೇ ಗಲ್ಲವನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಾನೆ, ಅವಳು ಒರೆಸಿಕೊಳ್ಳುತ್ತಾಳೆ. ಪಾಪ, ಅವನು ಒಳ್ಳೆಯದಕ್ಕೇ ತೋರಿಸುವುದು. ಆದರೆ ಆ ಬೆರಳು ಗಲ್ಲಕ್ಕೆ ಹೋದಾಗಲೆಲ್ಲ ಅವಳಿಗೆ ತಟ್ಟೆಯನ್ನೇ ಎತ್ತಿ ಬಿಸಾಡಬೇಕು ಅನಿಸುತ್ತಿತ್ತು.

ಇದನ್ನಾದರೂ ಹಲ್ಲು ಕಚ್ಚಿ ಸಹಿಸಬಹುದಿತ್ತು. ಒಂದು ದಿನ ಬಿಳಿ ಕೋಟೊಂದರ ಟ್ರಯಲ್ ನಡೆದಿತ್ತು. ಪಿನ್ನಕ್ಕ ಯಥಾಪ್ರಕಾರ ಪಿನ್ನು ಕಚ್ಚಿಕೊಂಡು ಬಗ್ಗಿ ಅಂಚು ಮಡಿಸುತ್ತಿದ್ದಳು. ಗಿರಾಕಿ ಕಿರುಚಿದ. ಅವನ ಕೋಟಿನ ಮುಂಭಾಗದಲ್ಲಿ ಸಾಲಾಗಿ ಕೆಂಪು ಹನಿಗಳು ಬಿದ್ದಿದ್ದವು. ತನಗೆ ಎಲ್ಲಿ ಗಾಯವಾಗಿದೆ ಎಂದು ಅವನು ಮೈಯೆಲ್ಲ ತಡಕಾಡಿಕೊಂಡ. ಅವಳೂ ಅವನ ಮೈಯನ್ನೇ ಹುಡುಕಿದಳು. ಕನ್ನಡಿ ನೋಡಿಕೊಂಡಾಗಲೇ ತಿಳಿದದ್ದು, ಪಿನ್ನು ತನ್ನ ತುಟಿಯೊಳಗೆ ಅರ್ಧ ಇಳಿದಿದೆ ಎಂದು. ಅಂದಿನಿಂದ ಬಾಯಿಗೆ ಪಿನ್ನು ಇಡುವುದನ್ನೇ ಬಿಟ್ಟಳು. ಮಣಿಕಟ್ಟಿಗೆ ಪಿನ್ನು ಚುಚ್ಚಿಡುವ ಪುಟ್ಟ ದಿಂಬು ಕಟ್ಟಿಕೊಂಡಳು. ಕೆಲಸ ನಡೆಯುತ್ತಿತ್ತು, ಆದರೆ ಪ್ರತಿ ಪಿನ್ನಿಗೂ ಕಣ್ಣು ಬಟ್ಟೆ ಬಿಟ್ಟು ಮಣಿಕಟ್ಟಿಗೆ ಹೋಗಬೇಕು. ಅಪ್ಪ ಇದ್ದಿದ್ದರೆ ಬೆರಳಿಗೆ ಟೇಪಿನಿಂದ ಹೊಡೆಯುತ್ತಿದ್ದ. ಹೆಸರು ಮಾತ್ರ ಪಿನ್ನಕ್ಕ ಎಂದೇ ಉಳಿಯಿತು. ಯಾರಾದರೂ ಹಾಗೆ ಕರೆದಾಗಲೆಲ್ಲ ಅವಳು ಆ ಡಾಕ್ಟರ ಮೇಲೆ ಇನ್ನೊಂದು ಸಲ ಹಲ್ಲು ಮಸೆಯುತ್ತಿದ್ದಳು.

ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾತಿ ಅವಳದಲ್ಲ. ಎಕ್ಸ್-ರೇಯನ್ನು ಕೇಳಿ ಇಸಿದುಕೊಂಡು, ಹಲ್ಲಿನ ಕಾಲೇಜಿನ ಆಸ್ಪತ್ರೆಗೆ ಹೋಗಿ, ಅಲ್ಲಿ ಪಾಠ ಹೇಳುವ ಹಿರಿಯ ಮೇಡಮ್ಮಿಗೆ ತೋರಿಸಿದಳು. ಮೇಡಮ್ಮು ಅದನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

“ಈ ಹಲ್ಲು ನೋಯ್ತಿತ್ತಾ?”

“ಇಲ್ಲ ಮೇಡಂ.”

“ಯಾವತ್ತಾದ್ರೂ ಊದಿತ್ತಾ? ಕೀವು ಗೀವು?”

“ಅದು ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ.”

ಮೇಡಮ್ಮು ಪೆನ್ನಿನ ತುದಿಯಿಂದ ತೋರಿಸಿದರು. ಹಲ್ಲು ಪೂರ್ತಿ ಮೂಳೆಯೊಳಗೇ ಹೂತು ಮಲಗಿತ್ತು. ಪಕ್ಕದ ಹಲ್ಲಿನ ಬೇರಿಗೆ ಯಾವ ಕಾಟವನ್ನೂ ಕೊಟ್ಟಿರಲಿಲ್ಲ. ಅದರ ಬೇರಿನ ಕೆಳಗೇ ಎರಡು ಬಿಳಿ ಗೆರೆ ಓಡಿದ್ದವು. ಅವುಗಳ ನಡುವೆ ತುಟಿಗೆ ಹೋಗುವ ನರ ಇರುತ್ತದಂತೆ.

“ಕೀವು ಕಟ್ಟೋ ಬುದ್ಧಿಹಲ್ಲು, ಪಕ್ಕದ ಹಲ್ಲು ಹಾಳು ಮಾಡೋ ಬುದ್ಧಿಹಲ್ಲು, ಇವನ್ನ ನಾವೂ ಕೀಳ್ತೀವಿ, ಕೀಳಲೇಬೇಕು. ಆದ್ರೆ ಇಂಥದ್ದನ್ನ ಆಗಾಗ ನೋಡ್ಕೊಂಡು ಇರ್ತೀವಿ, ಸುಮ್ನೆ ಕೈ ಹಾಕಲ್ಲ. ಮುಂದಿನ ಹಲ್ಲು ಸೊಟ್ಟ ಮಾಡುತ್ತೆ ಅನ್ನೋದು ಹಳೇ ಮಾತು. ಎಷ್ಟೋ ಜನ ಹುಡುಕಿದ್ದಾರೆ, ಗಟ್ಟಿ ಆಧಾರ ಸಿಕ್ಕಿಲ್ಲ.”

“ಹಾಗಾದ್ರೆ ಅವನ ಕೈ ತಪ್ಪಿತು ಅಂತಲಾ?”

“ಕೈ ಯಾರದಾದ್ರೂ ತಪ್ಪಬಹುದಮ್ಮ, ನನ್ನದೂ. ಎಚ್ಚರವಾಗಿ ಮಾಡಿದ್ರೂ ಒಮ್ಮೊಮ್ಮೆ ನರಕ್ಕೆ ಏಟಾಗುತ್ತೆ. ಅದಕ್ಕೇ ಮೊದಲೇ ಕೂರಿಸಿ ಹೇಳಬೇಕು: ಕಿತ್ತರೆ ಇಷ್ಟು ಅಪಾಯ, ಬಿಟ್ಟರೆ ಇಷ್ಟು ಅಪಾಯ, ನೀವೇನಂತೀರಿ ಅಂತ. ನಿಮಗೆ ಹೇಳಿದ್ರಾ?”

ಪಿನ್ನಕ್ಕನಿಗೆ ಅಳು ಬಂತು. ಚಾಕಿನ ಗೆರೆ ಎಳೆಯದೆ ಕತ್ತರಿ ಹಾಕಿದ್ದಾನೆ! ಅಂಗೈಯಗಲದ ಬಟ್ಟೆಗೆ ತಾನು ತೋರಿಸುವ ಮರ್ಯಾದೆಯನ್ನು ಆ ಮನುಷ್ಯ ತನ್ನ ಮುಖಕ್ಕೆ ತೋರಿಸಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಮೇಡಮ್ಮು ಅವಳ ಕಣ್ಣು ಮುಚ್ಚಿಸಿ, ತುಟಿಯ ಮೇಲೆ ಹತ್ತಿ ಆಡಿಸಿ, ಸೂಜಿಯಿಂದ ಮುಟ್ಟಿ, ಎಲ್ಲಿಂದ ಎಲ್ಲಿಯವರೆಗೆ ಸ್ಪರ್ಶ ಇಲ್ಲ ಎಂದು ಬರೆದುಕೊಟ್ಟರು.

ಅದನ್ನು ಹಿಡಿದುಕೊಂಡು ಅವಳು ದಂತವೈದ್ಯರ ಮಂಡಳಿಗೆ ದೂರು ಕೊಟ್ಟಳು. ವಿಚಾರಣೆಯ ದಿನ ಡಾಕ್ಟರು ಬರಲಿಲ್ಲ, ವಕೀಲನನ್ನು ಕಳಿಸಿದ. ಉದ್ದನೆಯ ಮೇಜಿನ ಆಚೆ ಮೂವರು ಹಿರಿಯರು ಕೂತಿದ್ದರು. ವಕೀಲ ಡಾಕ್ಟರ ಉತ್ತರವನ್ನು ಓದಿದ: ‘ರೋಗಿಯನ್ನು ಕೇಳಿದಾಗ ಅವರು “ಹಾಂ” ಎಂದು ಸ್ಪಷ್ಟವಾಗಿ ಒಪ್ಪಿಗೆ ಸೂಚಿಸಿರುತ್ತಾರೆ. ಇನ್ನು ತುಟಿಯಲ್ಲಿ ಸ್ಪರ್ಶವಿಲ್ಲ ಎಂಬುದು ಅವರ ಬಾಯಿಮಾತು ಮಾತ್ರ. ಪರೀಕ್ಷೆಯೂ ಅವರ ಬಾಯಿಮಾತನ್ನೇ ಅವಲಂಬಿಸಿದೆ. ಅದಕ್ಕೆ ಸಾಕ್ಷಿ ಏನು?’

ನಡುವೆ ಕೂತಿದ್ದ ಹಿರಿಯರು ಕೇಳಿದರು: “ಹಾಂ ಅಂದ್ರಾ ಅಮ್ಮ, ಇಲ್ವಾ?”

“ಅಂದೆ ಸಾರ್. ಆದ್ರೆ ಅದು...”

“ಅಂದ್ರಲ್ಲ.”

“ಸಾರ್, ನಾನು ಅಂದಿದ್ದು ಹಾಂ ಅಲ್ಲ, ಹಾಂ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲಗಡೆಯವರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಪಿನ್ನಕ್ಕನಿಗೆ ಆ ಕೆಮ್ಮು ಇವತ್ತಿಗೂ ಕಿವಿಯಲ್ಲಿದೆ. ದೂರು ವಜಾ ಆಯಿತು.

ಮನೆಗೆ ಬಂದು ಹೇಳಿದಾಗ ಅತ್ತೆ ಗುಂಡಿಯ ದಾರವನ್ನು ಒಸಡಿನಿಂದಲೇ ಕಚ್ಚಿ ಹರಿದರು. “ಕೀಳೋವಾಗ ಅವನಿಗೆ ಯಾವ ಸಾಕ್ಷಿನೂ ಬೇಕಿರಲಿಲ್ಲ. ಕಿತ್ತ ಮೇಲೆ ನಿನ್ನ ಹತ್ರ ಸಾಕ್ಷಿ ಕೇಳ್ತಾನಾ? ಸಿಗ್ತಾನೆ ಕಣೇ, ಎಲ್ಲಿ ಹೋಗ್ತಾನೆ. ಒಂದಿನ ಕೈಗೆ ಸಿಗ್ತಾನೆ.”

ಪಿನ್ನಕ್ಕನಿಗೆ ದುಡ್ಡು ಬೇಡವಾಗಿತ್ತು, ಅವನ ದವಾಖಾನೆಯ ಫಲಕ ಇಳಿಸುವುದೂ ಬೇಡವಾಗಿತ್ತು. ಅವಳು ಹಗಲೆಲ್ಲ ಮೆಷಿನ್ನು ತುಳಿಯುತ್ತಾ ಬಯಸುತ್ತಿದ್ದದ್ದು ಎರಡೇ. ಆ ಹಾಂ ಪ್ರಶ್ನೆಯಾಗಿತ್ತು ಎಂದು ಅವನ ಬಾಯಿಂದಲೇ ಬರಬೇಕು. ಈ ತುಟಿ ಸತ್ತಿದೆ ಎಂದು ಅವನ ಕಣ್ಣಿಂದಲೇ ಅವನು ನೋಡಬೇಕು.

ಅತ್ತೆಯ ಮಾತು ಹುಸಿಯಾಗಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವನು ಅವನೇ, ತೋಳಿನ ಮೇಲೆ ಒಂದು ಕೋಟು.

“ಇಲ್ಲಿ ಪಿನ್ನಕ್ಕ ಅಂದ್ರೆ ಯಾರು? ಹಳೇ ಕೋಟು ಅಂದ್ರೆ ಅವರ ಹತ್ರಾನೇ ಹೋಗಿ ಅಂತ ಎಲ್ಲರೂ ಹೇಳಿದ್ರು.”

ಪಿನ್ನಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದು ಕಲ್ಲಿನಂತೆ ನಿಂತಳು. ಅವನು ಅವಳನ್ನು ನೇರವಾಗಿ ನೋಡಿ ನಕ್ಕ. ಗುರುತೇ ಸಿಕ್ಕಿರಲಿಲ್ಲ! ಅವನ ದವಾಖಾನೆಯಲ್ಲಿ ಅವಳಿಗೆ ಅಪ್ಪ ಇಟ್ಟ ಹೆಸರು ಬರೆದಿತ್ತೇ ಹೊರತು ಈ ಹೆಸರಲ್ಲ, ಸರಿ. ಆದರೆ ಅಷ್ಟು ಹೊತ್ತು ಬಾಯೊಳಗೆ ಕೈ ಹಾಕಿಕೊಂಡು ಕೂತವನಿಗೆ ಮುಖದ ನೆನಪಿರಬಾರದೇ? ಬಾಯಿ ಅಗಲ ತೆರೆದು ನಿಂತಿದ್ದರೆ ಗುರುತು ಹಿಡಿಯುತ್ತಿದ್ದನೋ ಏನೋ.

ಕೋಟು ಅವನ ತಂದೆಯದು. ತಂದೆ ಮೇಷ್ಟರಾಗಿದ್ದರಂತೆ, ದಪ್ಪ ಆಳು, ಇದ್ದದ್ದು ಇದೊಂದೇ ಕೋಟು. ಹಲ್ಲಿನ ಡಾಕ್ಟರುಗಳ ಸಂಘದವರು ಅವನಿಗೆ ಸನ್ಮಾನ ಮಾಡುತ್ತಾರಂತೆ, ಅಪ್ಪನ ಕೋಟು ಹಾಕಿಕೊಂಡೇ ವೇದಿಕೆ ಹತ್ತಬೇಕು ಎಂದು ಆಸೆಯಂತೆ. ಹೇಳುತ್ತಾ ಕೋಟಿನ ಕಾಲರನ್ನು ಬೆರಳಿನಿಂದ ನೇವರಿಸಿದ. ಒಳ್ಳೆಯ ಮಗ. ಕೆಟ್ಟವನೆಂದು ದ್ವೇಷಿಸಿದವನು ಎಲ್ಲದರಲ್ಲೂ ಕೆಟ್ಟವನಾಗಿದ್ದರೆ ಎಷ್ಟು ಅನುಕೂಲ!

“ಆಗುತ್ತೆ ಸಾರ್,” ಎಂದಳು ಪಿನ್ನಕ್ಕ, ಗಲ್ಲ ಒರೆಸಿಕೊಳ್ಳುತ್ತಾ. “ಸನ್ಮಾನದ ದಿನ ಮಧ್ಯಾಹ್ನ ಬನ್ನಿ. ಕೊನೇ ಟ್ರಯಲ್ ನೋಡಿ ನಿಂತ ಹಾಗೇ ಮುಗಿಸಿಕೊಡ್ತೀನಿ.”

ಕಾರು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಅತ್ತೆ ಸ್ಟೂಲಿನಿಂದ ಎದ್ದೇ ಬಂದರು. “ಅವನೇನಾ? ಅವನೇ ತಾನೆ? ಕತ್ತರಿ ನಿನ್ನ ಕೈಲೇ ಇದೆ. ಬೆನ್ನ ಮೇಲೆ ಒಂದ್ಸಲ ಉದ್ದಕ್ಕೆ ಆಡಿಸಿಬಿಡು, ನನ್ನ ಹೊಟ್ಟೆ ತಣ್ಣಗಾಗುತ್ತೆ.”

ಪಿನ್ನಕ್ಕ ಕೋಟನ್ನು ಮೇಜಿನ ಮೇಲೆ ಹರಡಿ, ಕತ್ತರಿಯ ಬಾಯಿ ತೆರೆದು, ಬೆನ್ನಿನ ನಡುವೆ ಇಟ್ಟೂ ನೋಡಿದಳು. ಕೈ ಮುಂದೆ ಹೋಗಲಿಲ್ಲ. ಕನಿಕರದಿಂದಲ್ಲ, ಕನಿಕರ ಎಂದೋ ಆರಿಹೋಗಿತ್ತು. ಯಾವ ಕಾಲದ್ದೋ ಉಣ್ಣೆ ಬಟ್ಟೆ, ಯಾರೋ ಕೈಯಾರೆ ಹೊಲಿದದ್ದು, ಒಳಗಿನ ಲೈನಿಂಗಿನ ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಂತೆ ಕೂತಿತ್ತು. ಅದು ಅವಳಿಗೇನು ಮಾಡಿತ್ತು? ಅಲ್ಲದೆ ಹೇಳದೆ ಕೇಳದೆ ಹರಿದಿಟ್ಟರೆ ಅವನು ಇವಳನ್ನು ಕೆಲಸ ಬಾರದವಳು ಅಂದುಕೊಂಡು ಹೋಗುತ್ತಾನೆ ಅಷ್ಟೆ. ತನಗೆ ಏನು ಮಾಡಿದರು, ಯಾಕೆ ಮಾಡಿದರು ಎಂದು ಅವನಿಗೆ ಗೊತ್ತೇ ಆಗುವುದಿಲ್ಲ.

“ಬೇಡ ಅತ್ತೆ,” ಎಂದಳು. “ಅವನನ್ನೇ ಕೇಳಿ ಕತ್ತರಿಸ್ತೀನಿ.”

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೊಚ್ಚುಬಾಯಿ ಅಗಲವಾಯಿತು.

ಅವಳು ಕೋಟಿನ ಕೆಲಸವನ್ನು ಎಂದಿಗಿಂತ ಚೆನ್ನಾಗಿ ಮಾಡಿದಳು. ಬೆನ್ನು ಕಿರಿದು ಮಾಡಿದಳು, ಭುಜ ಇಳಿಸಿದಳು. ತೋಳುಗಳನ್ನು ಬುಡದ ಹೊಲಿಗೆಯಿಂದ ಬಿಚ್ಚಿ ಹೊಸ ಭುಜಕ್ಕೆ ಕೂರಿಸಿ, ಟ್ರಯಲ್ ಆಗುವವರೆಗೆ ಎಲ್ಲರಿಗೂ ಮಾಡುವಂತೆ ಕಚ್ಚಾ ಹೊಲಿಗೆ ಹಾಕಿದಳು. ಕಚ್ಚಾ ಹೊಲಿಗೆ ಅಂದರೆ ಉದ್ದುದ್ದ ಎಳೆಯ ತಾತ್ಕಾಲಿಕ ದಾರ. ಅಳತೆ ಸರಿ ಅನಿಸಿದರೆ ಅದನ್ನು ಕಿತ್ತು ಮೆಷಿನ್ನು ಹೊಡೆಯುತ್ತಾರೆ. ಸಾಮಾನ್ಯವಾಗಿ ಬಿಳಿ ದಾರ ಹಾಕುತ್ತಾರೆ, ಬೇಗ ಕಾಣಲಿ ಎಂದು. ಇವಳು ಕೋಟಿನ ಬಣ್ಣದ್ದನ್ನೇ ಹಾಕಿದಳು.

ಆ ಮಧ್ಯಾಹ್ನ ಅವನು ಬಂದ. ಕ್ಷೌರ ಮಾಡಿಸಿಕೊಂಡು, ಮುಖಕ್ಕೆ ಏನೋ ಹಚ್ಚಿಕೊಂಡು ಘಮಘಮ ಅನ್ನುತ್ತಿದ್ದ. ಕೋಟು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಅವನು ತನ್ನನ್ನೇ ನೋಡಿಕೊಂಡ. “ಅಪ್ಪನ್ನೇ ನೋಡಿದ ಹಾಗಾಗುತ್ತೆ,” ಎಂದ.

“ಕತ್ತು ಮೇಲೆ ಮಾಡಿ ಸಾರ್. ಇನ್ನೂ ಸ್ವಲ್ಪ. ಅಲ್ಲಾಡಬೇಡಿ,” ಎಂದಳು. ಮಣಿಕಟ್ಟಿನ ದಿಂಬು ಬಿಚ್ಚಿಟ್ಟಳು. ಎಷ್ಟೋ ಕಾಲದ ಮೇಲೆ ಪಿನ್ನುಗಳನ್ನು ಬಾಯಿಗೆ ಇಟ್ಟುಕೊಂಡಳು. ಎಡಗಡೆ ಇಡಬೇಕು ಎಂದುಕೊಂಡಿದ್ದಳು. ಹಳೆಯ ರೂಢಿ ಕೈ ಹಿಡಿದು ಬಲಗಡೆಗೇ ಎಳೆಯಿತು.

ಕಾಲರಿಗೆ ಒಂದೆರಡು ಪಿನ್ನು ಚುಚ್ಚಿದಳು. ಆಮೇಲೆ ಕತ್ತರಿ ಕೈಗೆತ್ತಿಕೊಂಡು, ಬಾಯಿತುಂಬ ಪಿನ್ನಿನ ನಡುವಿನಿಂದ, ತುಟಿ ಅಲ್ಲಾಡಿಸದೆ ಗೊಣಗಿದಳು: “ಹೇಗೂ ನಿಂತಿದ್ದೀರಲ್ಲ, ತೋಳು ತೆಗೆದುಬಿಡೋಣ?”

ಚಾವಣಿ ನೋಡುತ್ತಿದ್ದ ಡಾಕ್ಟರು ಕೇಳಿದ: “ಹಾಂ?”

ಕತ್ತರಿ ಭುಜದ ಸುತ್ತ ಕರಕರ ಓಡಿತು. ಬಲತೋಳು ಕಳಚಿ ಅವನ ಮಣಿಕಟ್ಟಿನವರೆಗೆ ಜಾರಿ ನೇತಾಡಿತು.

ಅವನು ಕೂಗಿದ ಕೂಗಿಗೆ ಎದುರಂಗಡಿಯವನು ಹೊರಗೆ ಬಂದು ನೋಡಿದ. “ಅಯ್ಯೋ! ಏನ್ರೀ ಇದು? ತಲೆ ಕೆಟ್ಟಿದೆಯೇನ್ರೀ ನಿಮಗೆ? ನಮ್ಮಪ್ಪನ ಕೋಟು ಅದು!”

“ನೀವೇ ಹಾಂ ಅಂದ್ರಲ್ಲ ಸಾರ್.” ಎಡಮೂಲೆಯಿಂದ ಮಾತಾಡುವ ಹಳೆಯ ವಿದ್ಯೆ ಅವಳಿಗೆ ಮರೆತಿರಲಿಲ್ಲ.

“ನಾನು ಹಾಂ ಅಂದಿದ್ದು ಒಪ್ಕೊಂಡಿದ್ದಲ್ಲ! ಕೇಳಿಸಲಿಲ್ಲ, ಏನು ಅಂತ ಕೇಳಿದ್ದು!”

“ಇನ್ನೊಂದ್ಸಲ ಹೇಳಿ. ಅತ್ತೆಗೆ ಕಿವಿ ಮಂದ.”

“ಹಾಂ ಅಂದ್ರೆ ಹೂಂ ಅಂತಲೇನ್ರೀ ಅರ್ಥ? ಏನಂದ್ರಿ ಅಂತ ಕೇಳಿದ್ದು ಕಣ್ರೀ ನಾನು!”

“ಕೇಳಿಸ್ತಪ್ಪ,” ಎಂದರು ಅತ್ತೆ ಸ್ಟೂಲಿನಿಂದ. “ಪಕ್ಕದ ಬೀದಿಗೂ ಕೇಳಿಸಿರುತ್ತೆ.”

ಪಿನ್ನಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ನಾನೂ ಅದನ್ನೇ ಕೇಳಿದ್ದು ಡಾಕ್ಟ್ರೇ. ನಿಮ್ಮ ಕುರ್ಚಿಯಲ್ಲಿ, ಬಾಯಲ್ಲಿ ನಿಮ್ಮ ಕನ್ನಡಿ, ನಿಮ್ಮ ಕೈ, ನಿಮ್ಮ ಹತ್ತಿ ಎಲ್ಲಾ ಇಟ್ಕೊಂಡು. ನೀವು ಅದನ್ನ ಸ್ಪಷ್ಟ ಒಪ್ಪಿಗೆ ಅಂತ ಬರೆದು ಕಳಿಸಿದ್ರಿ.”

ಅವನು ಅವಳ ಮುಖ ನೋಡಿದ. ಮೊದಲ ಸಲ ನೋಡಿದ. ಗುರುತು ನಿಧಾನವಾಗಿ ಹತ್ತಿತು, ಕೆನ್ನೆಯ ಬಣ್ಣ ಇಳಿಯಿತು. ಏನೋ ಹೇಳಲು ಹೋದವನು ಅವಳ ಬಾಯಿಯ ಕಡೆ ನೋಡಿ ತಡೆದ.

“ಅಮ್ಮಾ... ರಕ್ತ.”

“ಎಲ್ಲಿ?”

ಅವಳು ನಿಜವಾಗಿಯೇ ಕೇಳಿದ್ದಳು. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ.

“ಪಿನ್ನು ಒಳಗೆ ಹೋಗಿದೆ. ನೋವಾಗ್ತಿಲ್ವಾ ನಿಮಗೆ?” ಎಂದವನು ಮಾತಿನ ಜೊತೆಗೇ ಬೆರಳೆತ್ತಿ, ಅವಳ ಗಂಡ ತೋರಿಸುವ ಹಾಗೆಯೇ, ತನ್ನದೇ ಕೆಳದುಟಿಯ ಬಲ ಅರ್ಧವನ್ನು ಮುಟ್ಟಿ ತೋರಿಸಿದ. ತೋರಿಸಿದ ಬೆರಳು ಅಲ್ಲೇ ನಿಂತಿತು. ಏನು ತೋರಿಸುತ್ತಿದ್ದೇನೆ ಎಂದು ಅವನಿಗೆ ಆಗ ಹೊಳೆಯಿತು.

“ಸಾಕ್ಷಿ ಕೇಳಿದ್ರಲ್ಲ,” ಎಂದಳು ಪಿನ್ನಕ್ಕ. “ಅತ್ತೇ, ಡಾಕ್ಟ್ರು ಎಲ್ಲಿ ತೋರಿಸ್ತಿದ್ದಾರೆ ನೋಡಿದ್ರಾ?”

“ಕಣ್ಣಾರೆ ನೋಡ್ದೆ ಮಗಳೇ.”

ಅವನು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತ. ಒಂದು ಕೈಯಲ್ಲಿ ಅಪ್ಪನ ಕೋಟಿನ ತೋಳು. ಪಿನ್ನಕ್ಕ ಹೇಳಿದಳು: “ಹೆದರಬೇಡಿ. ಬಟ್ಟೆಗೆ ಏನೂ ಆಗಿಲ್ಲ. ನಾನು ಕತ್ತರಿಸಿದ್ದು ಕಚ್ಚಾ ಹೊಲಿಗೆ, ಬರೀ ದಾರ. ಕೆಲಸ ಗೊತ್ತಿರೋ ಯಾರು ಬೇಕಾದ್ರೂ ತಿರುಗಿ ಹೊಲೀಬಹುದು. ನನ್ನ ಕೆಲಸದಲ್ಲಿ ಅದೊಂದು ಸುಖ ಇದೆ.”

ಅವನು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಚು ಪೂರ್ತಿಯಾಗಿತ್ತು. ಕೊನೆಗೆ, “ತಪ್ಪಾಯ್ತು,” ಎಂದ. ಅದು ಬಾಯಿಂದ ಬಂತೋ ಎದೆಯಿಂದ ಬಂತೋ, ಪಿನ್ನಕ್ಕ ಅಳೆಯಲು ಹೋಗಲಿಲ್ಲ. ತಕ್ಷಣವೇ ಅವನು ಗಡಿಯಾರ ನೋಡಿದ. “ಸಂಜೆ ಕಾರ್ಯಕ್ರಮ ಇದೆ. ಇದೊಂದು ಹೊಲಿದುಬಿಡಿ ಅಮ್ಮಾ.”

“ತಡೀರಿ,” ಎಂದಳು ಅವಳು.

ಕನ್ನಡಿಯ ಮುಂದೆ ಹೋಗಿ ನಿಂತಳು. ತುಟಿಗೆ ಇಳಿದಿದ್ದ ಪಿನ್ನನ್ನು ಕಣ್ಣಿನಿಂದ ನೋಡಿಕೊಂಡೇ ಎಳೆದಳು. ಉಳಿದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದಳು. ಆಮೇಲೆ ಅವನ ಎದುರು ಬಂದು, ಕೈ ಕಟ್ಟಿ ನಿಂತಳು.

“ಈಗ ನನ್ನ ಬಾಯಲ್ಲಿ ಏನೂ ಇಲ್ಲ ಡಾಕ್ಟ್ರೇ. ಈಗ ಕೇಳಿ.”

ಅವನಿಗೆ ಅರ್ಥವಾಯಿತು. ಎದ್ದು ನಿಂತ. ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಕಣ್ಣನ್ನೇ ನೋಡುತ್ತಾ ಕೇಳಿದ: “ಈ ತೋಳು ಹೊಲಿದುಕೊಡ್ತೀರಾ?”

ಪಿನ್ನಕ್ಕ ಆತುರಪಡಲಿಲ್ಲ. ಬಹಳ ಕಾಲದಿಂದ ಬಾಯೊಳಗೇ ಇಟ್ಟುಕೊಂಡಿದ್ದ ಮಾತು ಅದು. ನಾಲಿಗೆಯನ್ನು ಎತ್ತಿ, ಎಲ್ಲಿ ತಾಗಬೇಕೋ ಅಲ್ಲಿ ತಾಗಿಸಿ ಹೇಳಿದಳು.

“ಇಲ್ಲ.”

ಅವನು ಕೋಟು ಬಿಚ್ಚಿ, ಅದನ್ನು ಒಂದು ಕೈಯಲ್ಲೂ ತೋಳನ್ನು ಇನ್ನೊಂದು ಕೈಯಲ್ಲೂ ಹಿಡಿದು ಕಾರು ಹತ್ತಿದ. ಅತ್ತೆ ಬಾಗಿಲಿಗೆ ಬಂದು ಕಾರು ಹೋಗುವವರೆಗೂ ನೋಡಿ, ಒಳಗೆ ಬಂದು ಇಬ್ಬರಿಗೂ ಚಹಾ ಬಸಿದರು.